ಕಣ್ಣು ಹೋದರೂ ಲೆಕ್ಕ ಬಿಡದ ಆಯ್ಲರ್

ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1707ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಇಪ್ಪತ್ತನೆಯ ವಯಸ್ಸಿಗೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿ ಸೇರಿದರು.

ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಫ್ರಾನ್ಸಿನ ಹೆಸರಾಂತ ಗಣಿತಜ್ಞ ಫರ್ಮಾ ಅವರು 3, 5, 17, 257, 65537 ಎಂಬ ಸಾಲನ್ನು ಗಮನಿಸಿದ್ದರು. ಒಂದು ಸಂಖ್ಯೆಯಲ್ಲಿ 1 ಕಳೆದು, ವರ್ಗ ಮಾಡಿ, 1 ಕೂಡಿಸಿದರೆ ಮುಂದಿನದು ಬರುತ್ತದೆ. ಇವೆಲ್ಲವೂ ಅವಿಭಾಜ್ಯ ಸಂಖ್ಯೆಗಳು. ಆದ್ದರಿಂದ ಮುಂದಿನ 4294967297 ಕೂಡ ಅವಿಭಾಜ್ಯವೇ ಎಂದು ಅವರು ನಂಬಿದ್ದರು.

ದೊಡ್ಡವರ ಮಾತೆಂದು ಆಯ್ಲರ್ ಸುಮ್ಮನೆ ಒಪ್ಪಲಿಲ್ಲ. 1732ರಲ್ಲಿ, ಅದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ತೋರಿಸಿದರು. ಭಾಗಲಬ್ಧ 6700417. ಈ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕೆಂದು ಮುಂದೆ ಸಾಧಿಸಿದರು. ಹಾಗೆ ಹುಡುಕಿದರೆ 193, 257, 449, 577 ಆದ ಮೇಲೆ ಐದನೆಯದೇ 641!

ಮೊದಲು ಬಲಗಣ್ಣು, ಇಳಿವಯಸ್ಸಿನಲ್ಲಿ ಎಡಗಣ್ಣೂ ಹೋಯಿತು. ಆದರೂ ಮನಸ್ಸಿನಲ್ಲೇ ಲೆಕ್ಕ ಮಾಡಿ, ಮಗ ಮತ್ತು ಶಿಷ್ಯರಿಂದ ಬರೆಸಿದರು. 2147483647 ಅವಿಭಾಜ್ಯವೆಂಬ ಅವರ ಫಲಿತಾಂಶ 1772ರದು, ಅಂದರೆ ಆ ಕತ್ತಲೆಯ ಕಾಲದ್ದು. 1783ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲೇ ನಿಧನರಾದರು.

641ನ್ನು 6700417ರಿಂದ ಗುಣಿಸಲು ಪ್ರೌಢಶಾಲೆಯ ಪಾಠವೇ ಸಾಕು. ನಮ್ಮ ಶಾಲೆಯ ಮಕ್ಕಳು ಈ ಲೇಖನವನ್ನೂ ಸುಮ್ಮನೆ ನಂಬದೆ, ಒಮ್ಮೆ ಗುಣಿಸಿ ನೋಡಲಿ.