ಬಿಳಿ ಅಂಗಿಯ ದಿನಗಳು

ಫೆಬ್ರುವರಿ ಬಂತೆಂದರೆ ನಮ್ಮ ತಾಂಡಾದಲ್ಲಿ ಬಿಳಿ ಬಟ್ಟೆಯ ಕಾಲ. ಸಂತ ಸೇವಾಲಾಲರ ಮಾಲೆ ಧರಿಸಿದವರು ಬಿಳಿ ಉಟ್ಟು ಸೂರಗೊಂಡನಕೊಪ್ಪದ ಜಾತ್ರೆಗೆ ನಡೆದು ಹೋಗುತ್ತಾರೆ. ಚನ್ನಗಿರಿ, ಜಗಳೂರು ಕಡೆಯವರೂ ಬರುತ್ತಾರೆ. ಬಿಇ ಓದುವ ನನಗೆ ಮಾತ್ರ ಒಂದೇ ಪ್ರಶ್ನೆ: ಈ ಕಾಲದಲ್ಲೂ ಇಂಥದ್ದೇ ಬಣ್ಣ ಆಗಬೇಕೇ?

ಉತ್ತರ ಸಿಕ್ಕಿದ್ದು ಸೇವಾಲಾಲರ ಬದುಕಿನಲ್ಲಿ. ಹಿಂದೆ ಹೊನ್ನಾಳಿ, ಈಗ ನ್ಯಾಮತಿ ತಾಲ್ಲೂಕಿಗೆ ಸೇರಿದ ಸೂರಗೊಂಡನಕೊಪ್ಪದಲ್ಲಿ 1739ರ ಫೆಬ್ರುವರಿ 15ರಂದು ಅವರು ಹುಟ್ಟಿದರೆಂದು ನಮ್ಮವರ ನಂಬಿಕೆ. ತಂದೆ ಭೀಮಾ ನಾಯ್ಕ, ತಾಯಿ ಧರ್ಮಿಣಿ ಬಾಯಿ. ದನ ಕಾಯುತ್ತ ಬೆಳೆದರು. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ಊರೂರು ಸುತ್ತುತ್ತಿದ್ದ ಬಂಜಾರರೊಂದಿಗೆ ತಾವೂ ಸುತ್ತಿದರು. ಮದುವೆಯಾಗಲಿಲ್ಲ. ದೇವಿಗೆ ಪ್ರಾಣಿಬಲಿ ಕೊಡಲು ಒಪ್ಪಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಕುಡಿತ, ಕಳವು, ಸುಳ್ಳು ಬಿಡುವಂತೆ ಹೋದಲ್ಲೆಲ್ಲ ತಿಳಿಹೇಳಿದರು. ಅವರ ಸಮಾಧಿ ಮಹಾರಾಷ್ಟ್ರದ ಪೋಹರಾದೇವಿಯಲ್ಲಿದೆ. ಅವರ ಹೆಸರಿನ ಧ್ವಜ ಇಂದಿಗೂ ಬಿಳಿ.

ನಮ್ಮ ಕಾಕಾ ಮಾಲೆ ಹಾಕಿದಷ್ಟು ದಿನ ಕುಡಿಯುವುದಿಲ್ಲ. ಆ ದಿನಗಳಲ್ಲಿ ಕಾಕಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಜಾತ್ರೆ ಮುಗಿದು ಬಿಳಿ ಅಂಗಿ ಪೆಟ್ಟಿಗೆ ಸೇರಿದರೆ ಬಾಟಲಿ ಮತ್ತೆ ಮನೆ ಸೇರುತ್ತದೆ. ಒಂದು ಬಣ್ಣ ಮನುಷ್ಯನನ್ನು ಅಷ್ಟು ದಿನ ಹಿಡಿದು ನಿಲ್ಲಿಸುವುದಾದರೆ ಅದನ್ನು ಹಳೇ ಕಟ್ಟಳೆ ಎಂದು ಹೇಗೆ ತಳ್ಳಿಹಾಕಲಿ?

ಈ ವರ್ಷ ನಾನೂ ಮಾಲೆ ಹಾಕಿ ಕಾಕಾನ ಜೊತೆ ನಡೆದೆ. ಬಿಳಿ ಅಂಗಿಯನ್ನು ಪೆಟ್ಟಿಗೆಯಲ್ಲಿಡಬೇಡಿ, ಹೊಲಕ್ಕೂ ಅದನ್ನೇ ಹಾಕಿಕೊಂಡು ಹೋಗಿ ಎಂದು ಕೇಳಿಕೊಂಡಿದ್ದೇನೆ. ಕೊಳೆಯಾದರೆ ನಾನೇ ಒಗೆದುಕೊಡುತ್ತೇನೆ ಎಂದೂ ಹೇಳಿದ್ದೇನೆ.