ಕಲ್ಲುಗುಡ್ಡೆಯ ಒಳಗನ್ನು ತೋರಿಸಿದ ಮೆಡೋಸ್ ಟೇಲರ್

ಗೆಳೆಯರೇ, ನಮ್ಮೂರ ಗೋಮಾಳದಲ್ಲಿ ದನ ಬಿಟ್ಟು ನಾವು ಬುತ್ತಿ ಬಿಚ್ಚಿ ಕೂರುವ ಕಲ್ಲುಗುಡ್ಡೆ ನಿಮಗೆಲ್ಲ ಗೊತ್ತೇ ಇದೆ. ಸುತ್ತ ದುಂಡಗೆ ದೊಡ್ಡ ಕಲ್ಲುಗಳು, ನಡುವೆ ಸಣ್ಣ ಕಲ್ಲಿನ ರಾಶಿ. ವನವಾಸದಲ್ಲಿ ಪಾಂಡವರು ಇಲ್ಲಿ ಮನೆ ಮಾಡಿದ್ದರು ಅಂತ ನಮ್ಮಜ್ಜಿ ಹೇಳ್ತಾರೆ. ಒಳಗೆ ಕೊಪ್ಪರಿಗೆ ತುಂಬ ಹೊನ್ನಿದೆ ಅಂತ ಇನ್ನು ಕೆಲವರು. ಎರಡೂ ಅಲ್ಲ, ಅದು ಸಮಾಧಿ ಅಂತ ಸಮಾಜದ ಮೇಷ್ಟ್ರು ಹೇಳಿದ ದಿನ ನಾವು ಯಾರೂ ನಂಬಲಿಲ್ಲ. ಹುಣಸೂರಿನ ನಮ್ಮ ಮಾವನ ಮನೆಯಲ್ಲಿ ಕೇಳಿದೆ, ಎಚ್.ಡಿ. ಕೋಟೆಯಿಂದ ಬಂದ ನೆಂಟರನ್ನೂ ಕೇಳಿದೆ. ಅವರೂ ಪಾಂಡವರ ಹೆಸರನ್ನೇ ಹೇಳಿದರು.

ಹಾಗಾದರೆ ಸಮಾಧಿ ಅಂತ ಗೊತ್ತಾದದ್ದು ಹೇಗೆ? ನಮ್ಮ ನಾಡಿನಲ್ಲಿ ಇಂಥ ಗುಡ್ಡೆಗಳನ್ನು ಮೊದಮೊದಲು ಅಗೆದು ನೋಡಿ ಬರೆದಿಟ್ಟವರಲ್ಲಿ ಒಬ್ಬರು ಮೆಡೋಸ್ ಟೇಲರ್. ಅವರು ಅಗೆಸಿದ್ದು ದೂರದ ಸುರಪುರದ ಕಡೆ. ಆದರೆ ಮೇಷ್ಟ್ರು ತೋರಿಸಿದ ಪುಸ್ತಕದಲ್ಲಿ ಅಲ್ಲಿಯ ಗುಡ್ಡೆಯ ಚಿತ್ರ ನೋಡಿದರೆ ಥೇಟ್ ನಮ್ಮ ಗೋಮಾಳದ ಗುಡ್ಡೆಯೇ.

ಟೇಲರ್ ಅವರು ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕೈಕೊಟ್ಟಿತು. 1824ರಲ್ಲಿ, ಅಂದರೆ ನಮ್ಮ ಹತ್ತನೇ ತರಗತಿಯವರ ವಯಸ್ಸಿನಲ್ಲಿ, ಹುಡುಗನನ್ನು ಬೊಂಬಾಯಿಯ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸಕ್ಕೆ ಹಡಗು ಹತ್ತಿಸಿದರು. ಇಲ್ಲಿ ಬಂದು ನೋಡಿದರೆ ಆ ಅಂಗಡಿಯೂ ಮುಳುಗುವ ಹಾಗಿತ್ತು! ನೆಂಟರೊಬ್ಬರ ಸಹಾಯದಿಂದ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಕೆಲಸ ಸಿಕ್ಕಿತು. ಕಾಲೇಜು ಮೆಟ್ಟಿಲು ಹತ್ತದಿದ್ದರೂ ಇಲ್ಲಿಯ ಭಾಷೆಗಳನ್ನು ಕಷ್ಟಪಟ್ಟು ಕಲಿತರು. ದಾರಿಗಳ್ಳರಾದ ಠಕ್ಕರ ಬಗ್ಗೆ 1839ರಲ್ಲಿ ಅವರು ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಮನೆಮಾತಾಯಿತು.

1841ರಲ್ಲಿ ಅವರನ್ನು ಸುರಪುರಕ್ಕೆ ಕಳಿಸಿದರು. ಇದು ಈಗ ಯಾದಗಿರಿ ಜಿಲ್ಲೆಯಲ್ಲಿದೆ. ಅಲ್ಲಿಯ ಬೇಡ ನಾಯಕರ ಸಂಸ್ಥಾನದಲ್ಲಿ ರಾಜ ತೀರಿಕೊಂಡು, ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ಅವನು ದೊಡ್ಡವನಾಗುವ ತನಕ ಆಡಳಿತ ಟೇಲರ್ ಅವರ ಕೈಗೆ ಬಂತು. ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದರು. ಗುಡ್ಡದ ಮೇಲೆ ಅವರು ಕಟ್ಟಿಸಿದ ಬಂಗಲೆಗೆ ಟೇಲರ್ ಮಂಜಿಲ್ ಅಂತ ಹೆಸರು.

ಈಗ ಗುಡ್ಡೆಯ ವಿಷಯಕ್ಕೆ ಬರೋಣ. ಸುರಪುರದ ಹತ್ತಿರ ರಾಜನಕೋಳೂರು ಅಂತ ಒಂದು ಊರು. ಅಲ್ಲಿ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲಿನ ಗೂಡುಗಳಿವೆ. ಅವು ಮೋರಿಯರ ಮನೆಗಳು, ಅವರು ಮೂರು ಗೇಣಿನ ಕುಳ್ಳರು, ಆದರೆ ಭಾರಿ ಬಲಶಾಲಿಗಳು ಅಂತ ಊರವರು ಹೇಳಿದರು. ಟೇಲರ್ ಅವರು ಆ ಕಥೆಯನ್ನೂ ಬರೆದುಕೊಂಡರು. ಅಷ್ಟಕ್ಕೇ ಬಿಡಲಿಲ್ಲ, ಅಗೆಸಿಯೂ ನೋಡಿದರು. ಭೀಮಾ ನದಿಯ ಕಡೆ ಜೇವರ್ಗಿಯಲ್ಲೂ ಕಲ್ಲುಗುಡ್ಡೆಗಳನ್ನು ಬಿಚ್ಚಿಸಿದರು. ಕಲ್ಲಿನ ರಾಶಿ ಸರಿಸಿದರೆ ಮಣ್ಣು, ಅದರ ಕೆಳಗೆ ಚಪ್ಪಡಿಯ ಪೆಟ್ಟಿಗೆ, ಅದರಲ್ಲಿ ಮನುಷ್ಯರ ಮೂಳೆ. ಪಕ್ಕದಲ್ಲಿ ನುಣುಪಾದ ಮಡಕೆ ಕುಡಿಕೆ, ಕಬ್ಬಿಣದ ಭರ್ಜಿ ಮತ್ತು ಬಾಣದ ಮೊನೆ.

ಇಲ್ಲಿ ಒಂದು ಮಾತು. ಅಗೆಯುವುದು ದೊಡ್ಡ ಕೆಲಸ ಅಲ್ಲ. ನಿಧಿ ಆಸೆಗೆ ರಾತ್ರಿ ಗುದ್ದಲಿ ಹಿಡಿದು ಹೋಗುವವರೂ ಅಗೆಯುತ್ತಾರೆ, ಮಡಕೆ ಸಿಕ್ಕಿದರೆ ಒಡೆದು ಬಿಸಾಕಿ ಬರುತ್ತಾರೆ. ಟೇಲರ್ ಮಾಡಿದ್ದು ಬೇರೆ. ಹಲಸಿನ ಹಣ್ಣು ಸೀಳಿದರೆ ತೊಳೆ ಎಲ್ಲಿ, ಬೀಜ ಎಲ್ಲಿ ಅಂತ ಕಾಣುತ್ತಲ್ಲ, ಹಾಗೆ ಗುಡ್ಡೆಯನ್ನು ಸೀಳಿದಂತೆ ಚಿತ್ರ ಬರೆದರು. ಮೇಲಿನ ಕಲ್ಲು ಎಷ್ಟು ಆಳದವರೆಗೆ, ಮಣ್ಣು ಯಾವ ಪದರದಲ್ಲಿ, ಮೂಳೆ ಎಲ್ಲಿ, ಮಡಕೆ ಎಲ್ಲಿ ಎಂದು ತೋರಿಸಿದರು. ನೂರು ವರ್ಷದ ಮೇಲೆ ಮಾರ್ಟಿಮರ್ ವೀಲರ್ ಎಂಬ ದೊಡ್ಡ ಪುರಾತತ್ವಜ್ಞರು ಈ ಚಿತ್ರಗಳನ್ನು ನೋಡಿ ಮೆಚ್ಚಿಕೊಂಡರು.

ಅವರು ಹೇಳಿದ್ದೆಲ್ಲ ಸರಿ ಅಂತ ಅಲ್ಲ. ಇಂಥ ಸಮಾಧಿಗಳು ಅವರ ನಾಡಿನಲ್ಲೂ ಇದ್ದವು. ಅದಕ್ಕೇ ಶಕರಂಥ ಹೊರಗಿನ ಜನ ಬಂದು ಇವನ್ನೂ ಕಟ್ಟಿರಬೇಕು ಎಂದು ಊಹಿಸಿದರು. ಅದು ತಪ್ಪಾಯಿತು. ಇವು ಇಲ್ಲೇ ಬದುಕಿದ, ಕಬ್ಬಿಣ ಬಲ್ಲ ಜನರ ಸಮಾಧಿಗಳು, ಸುಮಾರು 3000ದಿಂದ 2000 ವರ್ಷ ಹಿಂದಿನವು ಎಂದು ಈಗ ತಿಳಿದವರು ಹೇಳುತ್ತಾರೆ. ಊಹೆ ತಪ್ಪಿದರೂ ಚಿತ್ರ ತಪ್ಪಲಿಲ್ಲ ನೋಡಿ.

1853ರಲ್ಲಿ ಸಂಸ್ಥಾನವನ್ನು ವೆಂಕಟಪ್ಪ ನಾಯಕನಿಗೆ ಒಪ್ಪಿಸಿ ಹೋದರು. ಮುಂದಿನ ಕಥೆ ಓದಿದರೆ ಸಂಕಟವಾಗುತ್ತೆ. 1858ರಲ್ಲಿ ನಾಯಕ ಬ್ರಿಟಿಷರ ಮೇಲೆ ತಿರುಗಿಬಿದ್ದ, ಸೆರೆ ಸಿಕ್ಕ. ಚಿಕ್ಕಂದಿನಿಂದ ಟೇಲರ್ ಅವರನ್ನು ಅಪ್ಪಾ ಎಂದೇ ಕರೆಯುತ್ತಿದ್ದವನು. ಅವರು ಸೆರೆಮನೆಗೆ ಹೋಗಿ ಕಂಡರು. ಗಲ್ಲು ತಪ್ಪಿತು, ಆದರೆ ಬೇರೆ ಕೋಟೆಗೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ತೀರಿಕೊಂಡ. ತಾನೇ ಹೊಡೆದುಕೊಂಡ ಅಂತ ಸರ್ಕಾರ ಹೇಳಿತು, ನಂಬದವರು ಇದ್ದಾರೆ.

ಟೇಲರ್ ಅವರು 1860ರಲ್ಲಿ ಊರಿಗೆ ಮರಳಿದರು. ಎರಡು ವರ್ಷದ ಮೇಲೆ ಐರ್ಲೆಂಡಿನ ವಿದ್ವಾಂಸರ ಸಭೆಯ ಪತ್ರಿಕೆಯಲ್ಲಿ ಈ ಗುಡ್ಡೆಗಳ ಬಗ್ಗೆ ದೊಡ್ಡ ಲೇಖನ ಅಚ್ಚಾಯಿತು. ಕೊನೆಗೆ ಕಣ್ಣು ಹೋಯಿತು. ಆದರೂ 1875ರಲ್ಲಿ ಇನ್ನೊಮ್ಮೆ ಹೈದರಾಬಾದಿಗೆ ಬಂದರು. ಹಿಂದಿರುಗುವಾಗ 1876ರ ಮೇ 13ರಂದು ಫ್ರಾನ್ಸಿನಲ್ಲಿ ತೀರಿಕೊಂಡರು.

ಆಮೇಲೆ ನಮ್ಮ ಮೈಸೂರಿನ ಡಾ. ಎಂ.ಎಚ್. ಕೃಷ್ಣ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದರು. 1947ರಲ್ಲಿ ವೀಲರ್ ಅದೇ ಜಾಗಕ್ಕೆ ಬಂದು, ಕೆಲವು ಸಮಾಧಿಗಳನ್ನು ಪದರ ಪದರವಾಗಿ ಬಿಡಿಸಿ ನೋಡಿದರು.

ಇದನ್ನು ಬರೆಯುವ ಮೊದಲು ನಾವು ಮೂವರು ಹೋಗಿ ಗೋಮಾಳದ ಗುಡ್ಡೆಯ ಸುತ್ತಿನ ಕಲ್ಲು ಎಣಿಸಿದೆವು. ಹತ್ತೊಂಬತ್ತು ಇವೆ. ಒಂದು ಕಡೆ ನಾಲ್ಕು ಮಾರು ಖಾಲಿ. ಅಲ್ಲಿಯ ಕಲ್ಲು ಏನಾಯ್ತು ಅಂತ ತಾತನನ್ನು ಕೇಳಿದೆ. ಬದುವಿಗೆ ಹಾಕಿದರು ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಚಪ್ಪಡಿಯೂ ಅಲ್ಲಿಂದಲೇ ಬಂದದ್ದು ಅಂದರು. ಅದನ್ನು ಅಳೆದೆವು. ಮೂರು ಅಡಿ ಉದ್ದ, ಎರಡು ಅಡಿ ಅಗಲ. ನಾವು ಬರೆದ ಗುಡ್ಡೆಯ ಚಿತ್ರ ಪಕ್ಕದ ಹಾಳೆಯಲ್ಲಿದೆ.