ಪುಣೆಯೂ ವಿಶ್ವೇಶ್ವರಯ್ಯನವರೂ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರೆಂದೊಡನೆ ನಮಗೆ ಕನ್ನಂಬಾಡಿ ನೆನಪಾಗುತ್ತದೆ. ಆದರೆ ಅವರು ಇಂಜಿನಿಯರರಾದದ್ದು ನಾವಿರುವ ಈ ಪುಣೆಯಲ್ಲಿ. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳುತ್ತ ಬಿ.ಎ. ಮುಗಿಸಿದ ಅವರು, ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಇಲ್ಲಿಯ ವಿಜ್ಞಾನ ಕಾಲೇಜಿಗೆ ಬಂದರು. 1883ರಲ್ಲಿ ಮುಂಬಯಿ ಪ್ರಾಂತಕ್ಕೇ ಮೊದಲಿಗರಾಗಿ ತೇರ್ಗಡೆಯಾಗಿ, ಮರುವರ್ಷ ಸರಕಾರದ ಸೇವೆಗೆ ಸೇರಿದರು.

1903ರಲ್ಲಿ ಖಡಕವಾಸಲೆಯ ಅಣೆಕಟ್ಟಿಗೆ ಅವರ ಸ್ವಯಂಚಾಲಿತ ಬಾಗಿಲುಗಳನ್ನು ಕೂಡಿಸಲಾಯಿತು. ನೀರು ಗೊತ್ತುಪಡಿಸಿದ ಮಟ್ಟ ಮೀರಿದರೆ ಅವು ತಾವಾಗಿ ತೆರೆಯುತ್ತಿದ್ದವು; ಇಳಿದರೆ ಮುಚ್ಚಿಕೊಳ್ಳುತ್ತಿದ್ದವು. ಯಾರ ಶಿಫಾರಸಿಗೂ ಅಲ್ಲಿ ಎಡೆಯಿರಲಿಲ್ಲ.

1908ರಲ್ಲಿ ಮೂಸಿ ನದಿ ಉಕ್ಕಿ, ದಂಡೆಯವರೆಗೂ ಬೆಳೆದಿದ್ದ ಹೈದರಾಬಾದಿನ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ನಿಜಾಮ ಸರಕಾರದ ಕರೆಯಂತೆ 1909ರಲ್ಲಿ ಅಲ್ಲಿಗೆ ಹೋದ ವಿಶ್ವೇಶ್ವರಯ್ಯನವರು, ನೆರೆಯನ್ನು ನಗರದ ಮೇಲ್ಗಡೆಯೇ ತಡೆಯಬೇಕೆಂದು ಯೋಜನೆ ಕೊಟ್ಟರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1962ರ ಏಪ್ರಿಲ್ 14ರಂದು ತೀರಿಕೊಂಡರು.

ಅದಕ್ಕೆ ಒಂಬತ್ತು ತಿಂಗಳ ಹಿಂದೆ, 1961ರ ಜುಲೈ 12ರಂದು, ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರಿನ ಹೊಡೆತಕ್ಕೆ ಖಡಕವಾಸಲೆಯೂ ಒಡೆದು, ಪುಣೆಯ ಹಳೆಯ ಪೇಟೆಗಳು ಮುಳುಗಿದವು. ಇಂದು ನಮ್ಮ ನದಿಗಳ ಇಕ್ಕೆಲಗಳಲ್ಲಿಯೂ ನೀಲಿ ಗೆರೆ, ಕೆಂಪು ಗೆರೆಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ನೀಲಿ, 100 ವರ್ಷಕ್ಕೊಮ್ಮೆ ಬರಬಹುದಾದುದಕ್ಕೆ ಕೆಂಪು. ನೀಲಿ ಗೆರೆಯೊಳಗೆ ಹೊಸ ಮನೆ ಕಟ್ಟುವಂತಿಲ್ಲ. ಎರಡರ ನಡುವೆ ಕಟ್ಟುವುದಕ್ಕೆ ನಿರ್ಬಂಧಗಳುಂಟು. ಆದರೂ 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾನಗರಿಯಿಂದ ಕುಟುಂಬಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು.

ಬ್ಯಾಂಕಿನಲ್ಲಿ ಮನೆಸಾಲದ ಕಾಗದಗಳ ನಡುವೆ ಕುಳಿತ ನಮಗೆ ಇದು ಬರಿಯ ಚರಿತ್ರೆಯಲ್ಲ. ಊರಿನ ಹೊಲ ಮಾರಿ, ಮುಂಗಡ ಕೊಟ್ಟ ಮೇಲೆ ಕಾಗದ ತೋರಿಸಲು ಬರುವ ನಮ್ಮವರನ್ನು ನಾವು ಕಂಡಿದ್ದೇವೆ. ಕಟ್ಟಡದ ನಿಯಮವು ಖಡಕವಾಸಲೆಯ ಬಾಗಿಲಿನಂತೆ ತಾನಾಗಿ ನಡೆಯುವುದಿಲ್ಲ. ಅಧಿಕಾರದಲ್ಲಿರುವವರು ಅದನ್ನು ನಡೆಸಬೇಕು, ಕೊಳ್ಳುವವರು ಕೇಳಬೇಕು. ಮಂಜೂರಾದ ನಕ್ಷೆ, ಭೋಗವಟಾ ಪತ್ರ, ನದಿಯ ಗೆರೆ, ಈ ಮೂರನ್ನು ನೋಡದೆ ಮುಂಗಡ ಕೊಡಬಾರದು. ವರುಷಕ್ಕೊಮ್ಮೆ ಆ ಮಹನೀಯರ ಭಾವಚಿತ್ರಕ್ಕೆ ಹಾರ ಹಾಕುವ ನಾವು, ಅವರ ಲೆಕ್ಕಾಚಾರದ ಬುದ್ಧಿಯನ್ನು ಇಷ್ಟಾದರೂ ಕಲಿಯೋಣ.